ಹುಲ್ಲಿನ ಮೇಲೆ ಓಡಿದವರು: ಪ್ಯಾರಿಸ್, ಜುಲೈ 1900

1900ರಲ್ಲಿ ಪ್ಯಾರಿಸ್‌ನಲ್ಲಿ ಒಲಿಂಪಿಕ್ಸ್ ನಡೆಯಿತು. ಆದರೆ ತಾವು ಓಡಿದ್ದು, ಜಿಗಿದದ್ದು ಒಲಿಂಪಿಕ್ಸ್‌ನಲ್ಲಿ ಎಂಬುದೇ ಅಲ್ಲಿಗೆ ಬಂದಿದ್ದ ಎಷ್ಟೋ ಮಂದಿಗೆ ತಿಳಿದಿರಲಿಲ್ಲ. ಆ ವರ್ಷ ನಗರದಲ್ಲಿ ಭಾರೀ ವಿಶ್ವ ವಸ್ತುಪ್ರದರ್ಶನ ಏರ್ಪಾಡಾಗಿತ್ತು. ಕ್ರೀಡೆಗಳು ಅದರ ಒಂದು ಅಂಗವಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ, ಊರಿನ ಬೇರೆಬೇರೆ ಮೂಲೆಗಳಲ್ಲಿ ನಡೆಯುತ್ತ ಹೋದವು. ಅಧಿಕೃತ ಕಾಗದಪತ್ರಗಳಲ್ಲಿ ಅವಕ್ಕೆ ಇದ್ದ ಹೆಸರು ‘ದೈಹಿಕ ವ್ಯಾಯಾಮ ಮತ್ತು ಕ್ರೀಡೆಗಳ ಅಂತರರಾಷ್ಟ್ರೀಯ ಸ್ಪರ್ಧೆಗಳು’ ಎಂದು. ಆಧುನಿಕ ಒಲಿಂಪಿಕ್ಸ್‌ಗೆ ಜೀವ ಕೊಟ್ಟ ಪಿಯರ್ ದ ಕುಬರ್ತಿನ್ ಅವರನ್ನು ಬದಿಗೆ ಸರಿಸಿ, ಫ್ರಾನ್ಸಿನ ಶೂಟಿಂಗ್ ಸಂಘದ ಮುಖ್ಯಸ್ಥ ದಾನಿಯೆಲ್ ಮೆರಿಯೋ ಅವರಿಗೆ ಹೊಣೆ ವಹಿಸಲಾಗಿತ್ತು. ಆ ಕೂಟವನ್ನು ದಾಟಿಯೂ ಒಲಿಂಪಿಕ್ ಚಳವಳಿ ಉಳಿದುಕೊಂಡದ್ದೇ ಒಂದು ಪವಾಡ ಎಂಬರ್ಥದಲ್ಲಿ ಕುಬರ್ತಿನ್ ನಂತರ ಬರೆದರು.

ಅಥ್ಲೆಟಿಕ್ಸ್‌ಗೆ ಸಿಕ್ಕಿದ ಜಾಗ ಬುವಾ ದ ಬುಲೋನ್ಯ್ ಉದ್ಯಾನದೊಳಗಿನ ಕ್ರುವಾ ಕಾತಲಾಂ ಎಂಬ ಮೈದಾನ. ರೇಸಿಂಗ್ ಕ್ಲಬ್ ದ ಫ್ರಾನ್ಸ್‌ನ ಹಿಡಿತದಲ್ಲಿದ್ದ ಆ ತಾಣ ನೋಡಲು ಚೆಂದ, ಓಡಲು ಕಷ್ಟ. ಇಂಗ್ಲೆಂಡ್, ಅಮೆರಿಕಗಳಲ್ಲಿ ಆ ಹೊತ್ತಿಗೆ ಕಲ್ಲಿದ್ದಲ ಕಿಟ್ಟ ಹಾಸಿದ ಗಟ್ಟಿ ಟ್ರ್ಯಾಕ್‌ಗಳು ರೂಢಿಗೆ ಬಂದಿದ್ದವು. ಇಲ್ಲಿದ್ದದ್ದು 500 ಮೀಟರ್ ಸುತ್ತಳತೆಯ ಹುಲ್ಲಿನ ಹಾದಿ, ಅದೂ ಏರುತಗ್ಗಿನದು. ಹುಲ್ಲುಹಾಸನ್ನು ಅಗೆಯಲು ಕ್ಲಬ್ ಒಪ್ಪಲಿಲ್ಲ, ಮರಗಳನ್ನು ಕಡಿಯಲೂ ಒಪ್ಪಲಿಲ್ಲ. ಡಿಸ್ಕಸ್ ಎಸೆದವರ ತಟ್ಟೆಗಳು ಮರಗಳಿಗೆ ಬಡಿದವು. 400 ಮೀಟರ್ ಹರ್ಡಲ್ಸ್‌ನಲ್ಲಿ ಓಟಗಾರರು ದಾಟಬೇಕಾಗಿದ್ದದ್ದು ಅಡ್ಡಲಾಗಿ ಕಟ್ಟಿದ ಟೆಲಿಗ್ರಾಫ್ ಕಂಬಗಳನ್ನು.

ಇಂಥ ನೆಲದ ಮೇಲೆ, ಜುಲೈ 14ರಿಂದ 22ರ ನಡುವಿನ ಕೆಲವೇ ದಿನಗಳಲ್ಲಿ ನಡೆದ ವೇಗದ ಓಟಗಳು ಅಥ್ಲೆಟಿಕ್ಸ್ ಚರಿತ್ರೆಯಲ್ಲಿ ತಮಗೆ ಸಲ್ಲಬೇಕಾದ ಗಮನವನ್ನು ಇಂದಿಗೂ ಪಡೆದಿಲ್ಲ. ನಾಲ್ಕು ವರ್ಷದ ಹಿಂದೆ ಅಥೆನ್ಸ್‌ನಲ್ಲಿ ನಡೆದ ಮೊದಲ ಒಲಿಂಪಿಕ್ಸ್‌ಗೆ ಅಮೃತಶಿಲೆಯ ಕ್ರೀಡಾಂಗಣವಿತ್ತು, ಕಿಕ್ಕಿರಿದ ಜನರಿದ್ದರು, ರಾಜನೂ ಬಂದು ಕೂತಿದ್ದ. ಅಲ್ಲಿ ಬಾಸ್ಟನ್‌ನ ಥಾಮಸ್ ಬರ್ಕ್ ಎರಡೂ ಕೈ ನೆಲಕ್ಕೂರಿ, ಬಗ್ಗಿ ಕೂತು ಓಟ ಶುರುಮಾಡಿದ ರೀತಿ ಪ್ರೇಕ್ಷಕರಿಗೆ ಹೊಸದು. ಜರ್ಮನಿಯ ಆಲ್ಬರ್ಟ್ ಮೇಯರ್ ತೆಗೆದ ಆ ಫೋಟೊ ಇಂದಿಗೂ ಕ್ರೀಡಾ ಪುಸ್ತಕಗಳಲ್ಲಿ ಕಾಣಸಿಗುತ್ತದೆ. ಬರ್ಕ್ 100 ಮೀಟರ್ ಗೆದ್ದದ್ದು 12.0 ಸೆಕೆಂಡಿನಲ್ಲಿ. ಪ್ಯಾರಿಸ್‌ಗೆ ಆ ಬಗೆಯ ಫೋಟೊಗಳ ಭಾಗ್ಯವೂ ಇಲ್ಲ, ಜನಸಂದಣಿಯ ಭಾಗ್ಯವೂ ಇಲ್ಲ. ಓಟದ ಗುಣಮಟ್ಟಕ್ಕೆ ಬಂದರೆ ಮಾತ್ರ ಪ್ಯಾರಿಸ್ ಬಹಳ ಮುಂದೆ.

ಅದಕ್ಕೆ ಕಾರಣ ಸರಳ. ಅಥೆನ್ಸ್‌ಗೆ ಹೋದ ಅಮೆರಿಕನ್ನರು ಬಹುಮಟ್ಟಿಗೆ ಬಾಸ್ಟನ್ನಿನ ಒಂದು ಕ್ಲಬ್ಬಿನ ಮತ್ತು ಪ್ರಿನ್ಸ್‌ಟನ್ ಕಾಲೇಜಿನ ಸಣ್ಣ ಗುಂಪು. ಪ್ಯಾರಿಸ್‌ಗೆ ಪೆನ್ಸಿಲ್ವೇನಿಯ, ಪ್ರಿನ್ಸ್‌ಟನ್, ಜಾರ್ಜ್‌ಟೌನ್, ಸಿರಕ್ಯೂಸ್, ಮಿಶಿಗನ್ ವಿಶ್ವವಿದ್ಯಾಲಯಗಳು ತಮ್ಮ ತಮ್ಮ ಶ್ರೇಷ್ಠ ಓಟಗಾರರನ್ನು ಕಳುಹಿಸಿದವು. ಪೆನ್ಸಿಲ್ವೇನಿಯ ತಂಡದ ಬೆನ್ನಿಗೆ ಮೈಕ್ ಮರ್ಫಿಯಂಥ ತರಬೇತುದಾರ ಇದ್ದ. ದಂತವೈದ್ಯಕೀಯ ಓದಿದ ಆಲ್ವಿನ್ ಕ್ರೇನ್ಜ್‌ಲೀನ್ ಮತ್ತು ವಾಲ್ಟರ್ ಟ್ಯೂಕ್ಸ್‌ಬರಿ ಇಬ್ಬರೂ ಅದೇ ತಂಡದವರು. ಮುಂದಿನ ಕಾಲು ಚಾಚಿ ನೀಳವಾಗಿಸಿ ಹರ್ಡಲ್ ದಾಟುವ ಕ್ರಮವನ್ನು ನೆಲೆಗೊಳಿಸಿದವನೇ ಈ ಕ್ರೇನ್ಜ್‌ಲೀನ್. ಪ್ಯಾರಿಸ್‌ನಲ್ಲಿ ಆತ 60 ಮೀಟರ್, 110 ಮೀಟರ್ ಹರ್ಡಲ್ಸ್, 200 ಮೀಟರ್ ಹರ್ಡಲ್ಸ್ ಮತ್ತು ಉದ್ದಜಿಗಿತ ನಾಲ್ಕನ್ನೂ ಗೆದ್ದ. ಒಂದೇ ಕೂಟದಲ್ಲಿ ಅಥ್ಲೆಟಿಕ್ಸ್‌ನ ನಾಲ್ಕು ವೈಯಕ್ತಿಕ ಸ್ಪರ್ಧೆ ಗೆದ್ದವರು ಆತನ ಹೊರತು ಇನ್ನೊಬ್ಬರಿಲ್ಲ. 1936ರಲ್ಲಿ ಜೆಸ್ಸಿ ಓವೆನ್ಸ್ ಗೆದ್ದ ನಾಲ್ಕರಲ್ಲಿ ಒಂದು ರಿಲೇ.

100 ಮೀಟರ್ ಓಟ ಜುಲೈ 14ರಂದು ನಡೆಯಿತು. ಎಲ್ಲರ ಕಣ್ಣು ಜಾರ್ಜ್‌ಟೌನ್‌ನ ಆರ್ಥರ್ ಡಫಿ ಮೇಲೆ. ಕೆಲವೇ ದಿನಗಳ ಹಿಂದೆ ಲಂಡನ್‌ನಲ್ಲಿ ಇಂಗ್ಲೆಂಡಿನ 100 ಗಜದ ಪ್ರಶಸ್ತಿಯನ್ನು ಗೆದ್ದುಕೊಂಡು ಬಂದವನು ಅವನು. ಆದರೆ ಆರಂಭದ ಸುತ್ತುಗಳಲ್ಲಿಯೇ ಪ್ರಿನ್ಸ್‌ಟನ್‌ನ ಫ್ರಾಂಕ್ ಜಾರ್ವಿಸ್ ಒಮ್ಮೆ, ಟ್ಯೂಕ್ಸ್‌ಬರಿ ಒಮ್ಮೆ 10.8 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಅದು ಅಂದಿನ ಜಗತ್ತಿನ ಅತ್ಯುತ್ತಮ ವೇಗಕ್ಕೆ ಸಮ. ಓಟಗಾರರ ಕಾಲಿಗೆ ಒತ್ತು ಕೊಡಲು ಸ್ಟಾರ್ಟಿಂಗ್ ಬ್ಲಾಕ್ ಇರಲಿಲ್ಲ. ಅದು ಒಲಿಂಪಿಕ್ಸ್‌ಗೆ ಬಂದದ್ದು 1948ರಲ್ಲಿ. ಸಮಯ ಅಳೆಯುತ್ತಿದ್ದದ್ದು ಕೈಯಲ್ಲಿ ಗಡಿಯಾರ ಹಿಡಿದ ಮನುಷ್ಯರು. ಕಾಲಡಿ ಏರುತಗ್ಗಿನ ಹುಲ್ಲು. ಇದನ್ನೆಲ್ಲ ಲೆಕ್ಕಕ್ಕೆ ಹಿಡಿದು ನೋಡಿದಾಗ ಆ 10.8ರ ಬೆಲೆ ತಿಳಿಯುತ್ತದೆ.

ಫೈನಲ್‌ನಲ್ಲಿ ಓಡಿದವರು ನಾಲ್ವರು. ಅರ್ಧದವರೆಗೆ ಡಫಿಯೇ ಮುಂದೆ. 50 ಮೀಟರ್ ಹತ್ತಿರ ಅವನ ಕಾಲು ಕೈಕೊಟ್ಟಿತು, ಓಟ ಅಲ್ಲಿಗೇ ನಿಂತಿತು. ಜಾರ್ವಿಸ್ 11.0 ಸೆಕೆಂಡಿನಲ್ಲಿ ಗೆದ್ದ. ಟ್ಯೂಕ್ಸ್‌ಬರಿ ಎರಡನೆಯವ. ಮೂರನೆಯವನಾಗಿ ಬಂದದ್ದು ದೂರದ ನ್ಯೂ ಸೌತ್ ವೇಲ್ಸ್‌ನ ಸ್ಟ್ಯಾನ್ಲಿ ರೌಲಿ, ಮೊದಲು ಸೋತು, ಸೋತವರಿಗೆ ಕೊಟ್ಟ ಇನ್ನೊಂದು ಅವಕಾಶದಲ್ಲಿ ಗೆದ್ದು ಒಳಬಂದವನು. ಎರಡು ವರ್ಷದ ನಂತರ ಡಫಿ 100 ಗಜವನ್ನು 9.6 ಸೆಕೆಂಡಿನಲ್ಲಿ ಓಡಿದ. ಪ್ಯಾರಿಸ್‌ನ ಆ 50 ಮೀಟರ್ ಮಾತ್ರ ಅವನಿಗೆ ಮರಳಿ ಸಿಗಲಿಲ್ಲ.

ಮರುದಿನ ಭಾನುವಾರ. ಅಮೆರಿಕದ ಕಾಲೇಜುಗಳಲ್ಲಿ ಹಲವು ಕ್ರೈಸ್ತ ಧರ್ಮಸಂಸ್ಥೆಗಳ ನೆರಳಿನಲ್ಲಿ ಬೆಳೆದವು. ಭಾನುವಾರ ಆಡುವುದು ಅವುಗಳ ದೃಷ್ಟಿಯಲ್ಲಿ ತಪ್ಪು. 400 ಮೀಟರ್ ಫೈನಲ್‌ಗೆ ಅರ್ಹತೆ ಪಡೆದಿದ್ದ ಮೂವರು ಅಮೆರಿಕನ್ನರು ಓಡಲು ಒಪ್ಪಲಿಲ್ಲ, ಉಳಿದ ಮೂವರೇ ಓಡಿದರು. ಮ್ಯಾಕ್ಸಿ ಲಾಂಗ್ 49.4 ಸೆಕೆಂಡಿನಲ್ಲಿ ಗೆದ್ದ. ಉದ್ದಜಿಗಿತದಲ್ಲಿ ಶನಿವಾರದ ಅರ್ಹತಾ ಸುತ್ತಿನ ಜಿಗಿತದ ಬಲದಿಂದ ಮುಂದಿದ್ದ ಸಿರಕ್ಯೂಸ್‌ನ ಮೇಯರ್ ಪ್ರಿನ್‌ಸ್ಟೈನ್‌ನನ್ನು ಕಾಲೇಜು ಭಾನುವಾರ ಕಣಕ್ಕಿಳಿಯಲು ಬಿಡಲಿಲ್ಲ. ಅವನು ಯಹೂದಿ, ಭಾನುವಾರ ಅವನಿಗೆ ವಿಶ್ರಾಂತಿಯ ದಿನವೇ ಅಲ್ಲ. ಆದರೂ ಕಾಲೇಜಿನ ಮಾತು ಮೀರಲಾಗದೆ ಕೂತ. ಆ ದಿನ ಕ್ರೇನ್ಜ್‌ಲೀನ್ ಒಂದೇ ಒಂದು ಸೆಂಟಿಮೀಟರ್ ಹೆಚ್ಚು ಜಿಗಿದು ಗೆದ್ದುಬಿಟ್ಟ. ಅಥ್ಲೀಟ್ ಯಾರ ಮಾತು ಕೇಳಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಅವನ ಮೇಲೆ ಅಧಿಕಾರವಿದ್ದದ್ದು ಕಾಲೇಜಿಗೆ, ದೇಶಕ್ಕಲ್ಲ. ಅಂದಿನ ಓಟಗಾರ ಎದೆಯ ಮೇಲೆ ಹೊತ್ತದ್ದು ಕಾಲೇಜಿನ, ಕ್ಲಬ್ಬಿನ ಬಣ್ಣವನ್ನು. ದೇಶ ಎಂಬ ಕಾಲಂ ಬಂದು ಕೂತದ್ದು ಬಹುಮಟ್ಟಿಗೆ ನಂತರ, ಪಟ್ಟಿ ಮಾಡಿದವರ ಕೈಯಿಂದ.

ಕಲ್ಕತ್ತೆಯಲ್ಲಿ ಹುಟ್ಟಿ ಬೆಳೆದ ನಾರ್ಮನ್ ಗಿಲ್ಬರ್ಟ್ ಪ್ರಿಚರ್ಡ್‌ನ ಕಥೆಯನ್ನು ಓದಬೇಕಾದದ್ದು ಈ ಬೆಳಕಿನಲ್ಲಿ. 1875ರಲ್ಲಿ ಜನಿಸಿದ ಆತ ಕಲ್ಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದ. 1894ರಿಂದ 1900ರವರೆಗೆ ಸತತ ಏಳು ವರ್ಷ ಬಂಗಾಳದ 100 ಗಜದ ಓಟದ ಚಾಂಪಿಯನ್. 440 ಗಜದ ಓಟದಲ್ಲೂ, ಹರ್ಡಲ್ಸ್‌ನಲ್ಲೂ ಗೆದ್ದವನು. ಫುಟ್‌ಬಾಲ್‌ನಲ್ಲಿಯೂ ಅವನ ಹೆಸರಿದೆ. 1897ರಲ್ಲಿ ಶೋಭಾಬಜಾರ್ ತಂಡದ ವಿರುದ್ಧ ಸೇಂಟ್ ಝೇವಿಯರ್ಸ್ ಪರ ಮೂರು ಗೋಲು ಹೊಡೆದದ್ದು ಭಾರತದ ಮುಕ್ತ ಟೂರ್ನಿಗಳಲ್ಲಿ ಮೊದಲ ಹ್ಯಾಟ್ರಿಕ್ ಎಂದು ದಾಖಲಾಗಿದೆ. ಮುಂದೆ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್‌ನ ಕಾರ್ಯದರ್ಶಿಯೂ ಆದ.

1900ರ ಬೇಸಿಗೆಯಲ್ಲಿ ಆತ ಇಂಗ್ಲೆಂಡಿನಲ್ಲಿದ್ದ. ಜುಲೈ ಮೊದಲ ವಾರ ಲಂಡನ್‌ನಲ್ಲಿ ನಡೆದ ಚಾಂಪಿಯನ್‌ಷಿಪ್‌ನಲ್ಲಿ 120 ಗಜದ ಹರ್ಡಲ್ಸ್ ಓಡಿ, ಕ್ರೇನ್ಜ್‌ಲೀನ್‌ನ ಹಿಂದೆಯೇ ಎರಡನೆಯವನಾದ. ಅಲ್ಲಿಂದ ಪ್ಯಾರಿಸ್. ಬೆಂಗಾಲ್ ಪ್ರೆಸಿಡೆನ್ಸಿ ಅಥ್ಲೆಟಿಕ್ ಕ್ಲಬ್, ಲಂಡನ್ ಅಥ್ಲೆಟಿಕ್ ಕ್ಲಬ್ ಎರಡಕ್ಕೂ ಅವನು ಸದಸ್ಯ. ಐದು ಸ್ಪರ್ಧೆಗಳಲ್ಲಿ ಹೆಸರು ಕೊಟ್ಟ. 60 ಮತ್ತು 100 ಮೀಟರ್‌ಗಳಲ್ಲಿ ಫೈನಲ್ ತಲುಪಲಿಲ್ಲ. 110 ಮೀಟರ್ ಹರ್ಡಲ್ಸ್‌ನಲ್ಲಿ ಫೈನಲ್ ತಲುಪಿದರೂ ಓಟ ಮುಗಿಸಲಿಲ್ಲ. ಇಷ್ಟನ್ನೇ ನೋಡಿದರೆ ಸಾಧಾರಣ ಓಟಗಾರ ಎನ್ನಿಸುತ್ತದೆ. ಜುಲೈ 16ರ 200 ಮೀಟರ್ ಹರ್ಡಲ್ಸ್‌ನಲ್ಲಿ ಬೇರೆಯೇ ಪ್ರಿಚರ್ಡ್ ಕಾಣಿಸಿದ. ಕ್ರೇನ್ಜ್‌ಲೀನ್ 25.4 ಸೆಕೆಂಡಿನಲ್ಲಿ ಗೆದ್ದರೆ, 26.6 ಸೆಕೆಂಡಿನಲ್ಲಿ ಎರಡನೆಯ ಸ್ಥಾನ ಕಲ್ಕತ್ತೆಯವನದು. ಹಿಂದೆ ಉಳಿದವನು ಟ್ಯೂಕ್ಸ್‌ಬರಿ.

ಆರು ದಿನದ ಮೇಲೆ, ಜುಲೈ 22ರ ಭಾನುವಾರ, 200 ಮೀಟರ್ ಓಟ. ಒಲಿಂಪಿಕ್ಸ್‌ನಲ್ಲಿ ಈ ದೂರವನ್ನು ಓಡಿದ್ದು ಅದೇ ಮೊದಲು, ಅಥೆನ್ಸ್‌ನಲ್ಲಿ 200 ಮೀಟರ್ ಇರಲೇ ಇಲ್ಲ. ಎಂಟು ಓಟಗಾರರು, ಎರಡು ಹೀಟ್ಸ್, ಅದೇ ದಿನ ಫೈನಲ್. ಟ್ಯೂಕ್ಸ್‌ಬರಿ 22.2 ಸೆಕೆಂಡಿನಲ್ಲಿ ಮೊದಲಿಗ. ಪ್ರಿಚರ್ಡ್ 22.8. ರೌಲಿ ಅವನ ಬೆನ್ನಿಗೇ ಬಂದು ಮೂರನೆಯವನಾದ. 60, 100, 200 ಮೂರರಲ್ಲೂ ಮೂರನೆಯ ಸ್ಥಾನವೇ ರೌಲಿಯ ಪಾಲಿಗೆ. ಪ್ರಿಚರ್ಡ್ ಸಣ್ಣ ದೂರದಲ್ಲಿ ಸೋತು 200ರಲ್ಲಿ ಮಿಂಚಿದ್ದು ಆಶ್ಚರ್ಯವಲ್ಲ. 100 ಗಜ ಎಂದರೆ 91.44 ಮೀಟರ್, ಆ ಅಳತೆಯ ಒಡೆಯನಿಗೆ ಮೀಟರ್ ಲೆಕ್ಕದ 100 ಸುಮಾರು ಒಂಬತ್ತು ಮೀಟರ್ ಹೆಚ್ಚು. ಆದರೆ 440 ಗಜವನ್ನೂ ಗೆದ್ದ ಕಾಲಿಗೆ 200 ಮೀಟರ್ ಹದವಾದ ದೂರ. ಆ 200 ಮೀಟರ್ ಹರ್ಡಲ್ಸ್ ಮಾತ್ರ 1904ರ ನಂತರ ಒಲಿಂಪಿಕ್ಸ್‌ನಿಂದ ಕಾಣೆಯಾಯಿತು, 60 ಮೀಟರ್ ಕೂಡ.

ಪ್ರಿಚರ್ಡ್ 1905ರಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ. ನಂತರ ಅಮೆರಿಕಕ್ಕೆ ಹೋಗಿ ನಾರ್ಮನ್ ಟ್ರೆವರ್ ಎಂಬ ಹೆಸರಿನಲ್ಲಿ ನಟನಾದ. ಬ್ರಾಡ್‌ವೇ ರಂಗಭೂಮಿ, ಆಮೇಲೆ ಹಾಲಿವುಡ್‌ನ ಮೂಕಿ ಚಿತ್ರಗಳು. 1926ರ ‘ಬೋ ಜೆಸ್ಟ್’ನಲ್ಲಿ ಅವನಿದ್ದಾನೆ. 1929ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡ.

ಅವನ ಎರಡು ‘ಬೆಳ್ಳಿ’ ಯಾವ ದೇಶಕ್ಕೆ ಸೇರಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ. ಚಿನ್ನ, ಬೆಳ್ಳಿ, ಕಂಚು ಎಂಬ ಶ್ರೇಣಿಯೇ 1900ರಲ್ಲಿ ಇರಲಿಲ್ಲ, ಅದು ಶುರುವಾದದ್ದು 1904ರ ಸೇಂಟ್ ಲೂಯಿಸ್ ಕೂಟದಲ್ಲಿ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪಟ್ಟಿಯಲ್ಲಿ ಪ್ರಿಚರ್ಡ್ ಭಾರತದವನು. ಬ್ರಿಟನ್ನಿನ ಕೆಲವು ಇತಿಹಾಸಕಾರರು, ಲಂಡನ್‌ನ ಚಾಂಪಿಯನ್‌ಷಿಪ್ ಮೂಲಕ ಬ್ರಿಟಿಷ್ ತಂಡದೊಡನೆ ಹೋದವನು, ಬ್ರಿಟಿಷ್ ಮನೆತನದವನು, ಆದ್ದರಿಂದ ಆ ಪದಕಗಳು ಬ್ರಿಟನ್ನಿನವು ಎನ್ನುತ್ತಾರೆ. ಅಥ್ಲೆಟಿಕ್ಸ್‌ನ ಅಂತರರಾಷ್ಟ್ರೀಯ ಒಕ್ಕೂಟದ ಅಂಕಿಅಂಶಗಳ ಪುಸ್ತಕವೂ ಅವನನ್ನು ಬ್ರಿಟನ್ ಹೆಸರಿನಡಿ ಸೇರಿಸಿದ್ದುಂಟು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಭಾರತದ ಪರವಾಗಿ ಅವನನ್ನು ಆರಿಸಿ ಕಳುಹಿಸಲು ಯಾರೂ ಇರಲಿಲ್ಲ ಎಂಬುದು ನಿಜ. ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿದ್ದೇ 1927ರಲ್ಲಿ.

ಆದರೆ ಅದೇ ಅಳತೆಗೋಲನ್ನು ಬ್ರಿಟನ್ನಿಗೂ ಹಿಡಿಯಬೇಕಲ್ಲ? ಬ್ರಿಟಿಷ್ ಒಲಿಂಪಿಕ್ ಸಂಸ್ಥೆ ಹುಟ್ಟಿದ್ದು 1905ರಲ್ಲಿ. ಇನ್ನು ರೌಲಿಯನ್ನು ನೋಡಿ. ಅವನ ಮೂರು ಕಂಚುಗಳನ್ನು ಎಲ್ಲರೂ ತಕರಾರಿಲ್ಲದೆ ಆಸ್ಟ್ರೇಲಿಯದ ಲೆಕ್ಕಕ್ಕೆ ಹಾಕಿದ್ದಾರೆ. ಆಸ್ಟ್ರೇಲಿಯದ ವಸಾಹತುಗಳು ಒಂದಾಗಿ ಒಕ್ಕೂಟವಾದದ್ದು 1901ರ ಜನವರಿ 1ರಂದು, ಅಂದರೆ ಪ್ಯಾರಿಸ್ ಓಟಗಳು ಮುಗಿದು ಐದು ತಿಂಗಳಾದ ಮೇಲೆ. ಅಷ್ಟೇ ಅಲ್ಲ, ಜುಲೈ 22ರಂದು ನಡೆದ 5000 ಮೀಟರ್ ತಂಡದ ಓಟಕ್ಕೆ ಬ್ರಿಟನ್ನಿಗೆ ಐದನೆಯ ಓಟಗಾರ ಇರಲಿಲ್ಲ. ರೌಲಿಯನ್ನೇ ಸೇರಿಸಿಕೊಂಡರು. ದೂರದ ಓಟದ ಅಭ್ಯಾಸವಿಲ್ಲದ ಆತ ಬೇಗನೆ ಓಟ ಬಿಟ್ಟು ನಡೆಯತೊಡಗಿದ. ಎಲ್ಲರೂ ಮುಗಿಸಿದ ಮೇಲೆ ಅಧಿಕಾರಿಗಳು, ಸಾಕು ನಿಲ್ಲು ಎಂದರು. ಬ್ರಿಟನ್ ಫ್ರಾನ್ಸನ್ನು ಸೋಲಿಸಿ ಗೆದ್ದಿತು. ಒಂದೇ ವಾರದಲ್ಲಿ ಒಬ್ಬನೇ ಮನುಷ್ಯ ಎರಡು ದೇಶಗಳ ಪಟ್ಟಿಗೆ ಸೇರಿದ, ಅದರಿಂದ ಅಂದು ಯಾರಿಗೂ ಮುಜುಗರವಾಗಲಿಲ್ಲ.

ಭಾರತದಿಂದ ತಂಡವೆಂದು ಕರೆಯಬಹುದಾದ ಗುಂಪು ಒಲಿಂಪಿಕ್ಸ್‌ಗೆ ಹೋದದ್ದು ಇಪ್ಪತ್ತು ವರ್ಷದ ಮೇಲೆ, ದೊರಾಬ್ಜಿ ಟಾಟಾ ಅವರ ಮುತುವರ್ಜಿಯಿಂದ. 1920ರ ಆ್ಯಂಟ್‌ವರ್ಪ್ ಕೂಟದಲ್ಲಿ ಬಂಗಾಳದ ಪೂರ್ಮಾ ಬ್ಯಾನರ್ಜಿ 100 ಮತ್ತು 400 ಮೀಟರ್ ಓಡಿ ಮೊದಲ ಸುತ್ತಿನಲ್ಲೇ ಹೊರಬಿದ್ದ. ಅದೇ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಮ್ಯಾರಥಾನ್ ಓಡಿ 19ನೆಯವನಾದ. ವೇಗದ ಓಟದಲ್ಲಿ ಭಾರತಕ್ಕೆ ಮತ್ತೆ ಒಲಿಂಪಿಕ್ ಪದಕ ಬರಲಿಲ್ಲ. ರೋಮ್‌ನಲ್ಲಿ 400 ಮೀಟರ್ ಓಡಿದ ಮಿಲ್ಖಾ ಸಿಂಗ್ ನಾಲ್ಕನೆಯವರು. ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಡಿದ ಪಿ.ಟಿ. ಉಷಾ ನೂರರ ಒಂದು ಪಾಲು ಸೆಕೆಂಡಿನಿಂದ ನಾಲ್ಕನೆಯವರು. ಅಥ್ಲೆಟಿಕ್ಸ್‌ನಲ್ಲಿ ಭಾರತದ ಮುಂದಿನ ಪದಕಕ್ಕೆ 2021ರ ಆಗಸ್ಟ್ 7ರವರೆಗೆ, ನೀರಜ್ ಚೋಪ್ರಾ ಟೋಕಿಯೊದಲ್ಲಿ ಜಾವೆಲಿನ್ ಎಸೆಯುವವರೆಗೆ ಕಾಯಬೇಕಾಯಿತು.

ಪ್ರಿಚರ್ಡ್ ಭಾರತದ ಸ್ವಾತಂತ್ರ್ಯಕ್ಕಾಗಿ ಓಡಿದವನಲ್ಲ, ಆ ಹೊಗಳಿಕೆ ಅವನಿಗೆ ಬೇಕೂ ಇಲ್ಲ. ಆಳುವವರ ಕುಲದಲ್ಲಿ ಹುಟ್ಟಿದವನು ಎಂಬುದನ್ನು ಮರೆಮಾಚುವ ಅಗತ್ಯವೂ ಇಲ್ಲ. ಆದರೆ ಅವನ ಕಾಲುಗಳಿಗೆ ವೇಗ ಬಂದದ್ದು ಕಲ್ಕತ್ತೆಯ ಮೈದಾನಗಳಲ್ಲಿ, ಏಳು ವರ್ಷ ಅವನು ಗೆದ್ದದ್ದು ಬಂಗಾಳದ ಪ್ರಶಸ್ತಿಯನ್ನು, ಪ್ಯಾರಿಸ್‌ಗೆ ಹೋಗುವಾಗ ಹೊತ್ತ ಹೆಸರುಗಳಲ್ಲಿ ಒಂದು ಬಂಗಾಳದ ಕ್ಲಬ್ಬಿನದು. ರೌಲಿಯ ಪದಕಗಳು ಆಸ್ಟ್ರೇಲಿಯದವಾದರೆ, ಪ್ರಿಚರ್ಡ್‌ನ ಎರಡು ಬೆಳ್ಳಿ ಭಾರತದ ಸಾಲಿನಲ್ಲಿಯೇ ಇರುವುದು ನ್ಯಾಯ.