ಬಂಧುತ್ವಪ್ರಮಾಣ ವಿಚಾರ

ಒಬ್ಬನಿಗೆ ಇನ್ನೊಬ್ಬನು ಬಂಧುವೆಂಬುದನ್ನು ಯಾವುದರಿಂದ ತಿಳಿಯತಕ್ಕದ್ದು, ಆ ಬಂಧುತ್ವವು ಎಷ್ಟು ದೂರದವರೆಗೆ ಹಬ್ಬುವುದು ಎಂಬ ಎರಡು ಪ್ರಶ್ನೆಗಳು ನಮ್ಮ ಧರ್ಮಶಾಸ್ತ್ರಕಾರರಿಗೆ ಹೊಸವಲ್ಲ. ವಿವಾಹ, ದಾಯವಿಭಾಗ, ಆಶೌಚ ಈ ಮೂರು ಪ್ರಕರಣಗಳಲ್ಲಿಯೂ ಅವರು ಇವನ್ನು ವಿಸ್ತಾರವಾಗಿ ಚರ್ಚಿಸಿರುವರು. ಅವೇ ಪ್ರಶ್ನೆಗಳು ಈಗ್ಗೆ ಸುಮಾರು ಅರುವತ್ತು ವರ್ಷಗಳಿಂದ ಬೇರೊಂದು ದಾರಿಯಾಗಿ ಬಂದು ಕನ್ನಡನಾಡಿನ ಮನೆಗಳ ಬಾಗಿಲನ್ನು ತಟ್ಟುತ್ತಿವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿ ಅಲ್ಲಿಯ ಪೌರತ್ವವನ್ನು ಪಡೆದವನು ತಂದೆತಾಯಿಗಳನ್ನಾಗಲಿ ಒಡಹುಟ್ಟಿದವರನ್ನಾಗಲಿ ಅಲ್ಲಿಗೆ ಕರೆಯಿಸಿಕೊಂಡು ನೆಲೆಗೊಳಿಸಬೇಕಾದರೆ, ಬಂಧುತ್ವವನ್ನು ಆ ದೇಶದ ಅಧಿಕಾರಿಗಳಿಗೆ ಒಪ್ಪಿತವಾಗುವಂತೆ ಸಾಧಿಸಿ ತೋರಿಸಬೇಕು. ಈ ವಲಸೆ ವೀಸಾದ ಚರಿತ್ರೆಯನ್ನೂ, ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿಗೆ ಸೇರಿದ ಮಾಡದಕೆರೆಯಂಥ ಊರಿನ ಮನೆತನಕ್ಕೆ ಅದರಿಂದ ಉಂಟಾಗುವ ತೊಡಕನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಮೊದಲು ನಮ್ಮ ಶಾಸ್ತ್ರದ ಎಲ್ಲೆಯನ್ನು ನೋಡೋಣ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದಲ್ಲಿ ಕನ್ನಡನೆಲದಲ್ಲಿಯೇ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಸಪಿಂಡರೆಂದರೆ ಒಂದೇ ಶರೀರದ ಅಂಶಗಳನ್ನು ಪರಂಪರೆಯಿಂದ ಹಂಚಿಕೊಂಡವರು ಎಂದು ನಿರ್ಣಯಿಸಿದನು. ಈ ಅನ್ವಯಕ್ಕೆ ಕೊನೆಯೇ ಇಲ್ಲದಂತಾಗುವುದರಿಂದ ತಂದೆಯ ಕಡೆಯಲ್ಲಿ ಏಳು, ತಾಯಿಯ ಕಡೆಯಲ್ಲಿ ಐದು ತಲೆಗಳೆಂಬ ಮಿತಿಯನ್ನು ಅವನು ಅಂಗೀಕರಿಸಿದನು. ೧೯೫೫ರ ಹಿಂದೂ ವಿವಾಹ ಕಾಯಿದೆಯು ಇದನ್ನೇ ಐದು ಮತ್ತು ಮೂರಕ್ಕೆ ಇಳಿಸಿತು. ಇದರಿಂದ ನಮಗೆ ತಿಳಿದುಬರುವುದೇನೆಂದರೆ, ರಕ್ತಸಂಬಂಧವು ಸ್ವಭಾವಸಿದ್ಧವಾದರೂ ಅದರ ಎಲ್ಲೆಯು ಶಾಸ್ತ್ರಸಿದ್ಧವಾದುದು. ಪ್ರಯೋಜನಕ್ಕೆ ತಕ್ಕಂತೆ ಕಾಲಕಾಲಕ್ಕೆ ಹಿಗ್ಗುವುದೂ ಕುಗ್ಗುವುದೂ ಉಂಟು. ಅಮೆರಿಕದ ಕಾಯಿದೆಯೂ ತನ್ನ ಪ್ರಯೋಜನಕ್ಕಾಗಿ ಇಂಥ ಒಂದು ಎಲ್ಲೆಯನ್ನು ಎಳೆದುಕೊಂಡಿದೆ.

ಆ ದೇಶವು ಬಹುಕಾಲ ಭಾರತೀಯರಿಗೆ ಬಾಗಿಲನ್ನು ಮುಚ್ಚಿಯೇ ಇದ್ದಿತು. ೧೯೧೭ರ ಕಾಯಿದೆಯು ಏಷ್ಯಾಖಂಡದ ಬಹುಭಾಗವನ್ನು ನಿಷಿದ್ಧ ವಲಯವೆಂದು ಸಾರಿತು. ೧೯೨೩ರಲ್ಲಿ ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಮ್ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ೧೯೪೬ರಲ್ಲಿ ಲೂಸ್ ಮತ್ತು ಸೆಲ್ಲರ್ ಎಂಬವರ ಹೆಸರಿನ ಕಾಯಿದೆಯಿಂದ ಪೌರತ್ವದ ಹಕ್ಕು ದೊರೆಯಿತಾದರೂ ವರ್ಷಕ್ಕೆ ೧೦೦ ಮಂದಿ ಭಾರತೀಯರಿಗೆ ಮಾತ್ರ ಪ್ರವೇಶವಿದ್ದಿತು. ೧೯೬೫ನೆಯ ಅಕ್ಟೋಬರ್ ೩ರಂದು ಅಧ್ಯಕ್ಷ ಜಾನ್ಸನ್ ಅವರು ಸಹಿ ಮಾಡಿದ ಕಾಯಿದೆಯು ಈ ಜನಾಂಗಭೇದವನ್ನು ತೊಡೆದುಹಾಕಿ, ಏಷ್ಯಾ ಯೂರೋಪು ಮೊದಲಾದ ಪೂರ್ವಗೋಲಾರ್ಧದ ಪ್ರತಿಯೊಂದು ದೇಶಕ್ಕೂ ವರ್ಷಕ್ಕೆ ೨೦,೦೦೦ದ ಮಿತಿಯನ್ನು ಸಮಾನವಾಗಿ ಗೊತ್ತುಮಾಡಿತು.

ಆ ಕಾಯಿದೆಯ ಒಳಗುಟ್ಟು ವಿಚಾರಾರ್ಹವಾಗಿದೆ. ಮಿತಿಗೊಳಪಟ್ಟ ವೀಸಾಗಳಲ್ಲಿ ನೂರಕ್ಕೆ ೭೪ ಪಾಲು ಬಂಧುಗಳಿಗೆ ಮೀಸಲಾಯಿತು. ಪೌರರ ಒಡಹುಟ್ಟಿದವರಿಗೆ ಮೀಸಲಾದ ೨೪ ಪಾಲೇ ಎಲ್ಲಕ್ಕಿಂತ ದೊಡ್ಡದು. ಬಂಧುಗಳಿಗೆ ಈ ಅಗ್ರಸ್ಥಾನವನ್ನು ಕೊಡಿಸಲು ಹಟಹಿಡಿದವರಲ್ಲಿ ಒಹಾಯೋ ಪ್ರಾಂತದ ಪ್ರತಿನಿಧಿ ಮೈಕೇಲ್ ಫೀಗನ್ ಮುಖ್ಯರು. ಆಗ ಅಲ್ಲಿದ್ದ ಜನರಲ್ಲಿ ಬಹುಪಾಲು ಯೂರೋಪು ಮೂಲದವರಾದುದರಿಂದ, ಬಂಧುಗಳಾಗಿ ಬರುವವರೂ ಯೂರೋಪಿನವರೇ ಆಗುವರೆಂಬುದು ಎಣಿಕೆ. ಆದರೆ ಆದುದೇ ಬೇರೆ. ವೃತ್ತಿನಿಪುಣರ ಪಾಲಿನಲ್ಲಿ ಪ್ರವೇಶಪಡೆದ ಭಾರತದ ವೈದ್ಯರೂ ಇಂಜಿನಿಯರುಗಳೂ ಕಾಲಕ್ರಮದಲ್ಲಿ ಪೌರರಾಗಿ ತಮ್ಮವರನ್ನು ಕರೆಯಿಸಿಕೊಂಡರು. ಒಂದು ಜನವನ್ನು ತಡೆಯಲೆಂದು ಇಟ್ಟ ಬಂಧುತ್ವವೇ ಆ ಜನಕ್ಕೆ ದ್ವಾರವಾಯಿತು. ಕನ್ನಡಿಗರೂ ಈ ದ್ವಾರದಿಂದ ಒಳಹೊಕ್ಕವರೇ. ಅವರ ಕೂಟಗಳೆಲ್ಲ ಸೇರಿ ೧೯೯೮ರಲ್ಲಿ ಕಟ್ಟಿಕೊಂಡ ಒಕ್ಕೂಟಕ್ಕೆ 'ಅಕ್ಕ' ಎಂಬ ಬಂಧುವಾಚಕವೇ ಹೆಸರಾದುದು ಸಹೃದಯರಿಗೆ ಹಿತವಾಗಿ ತೋರದಿರದು.

ಇನ್ನು ಈ ಕಾಯಿದೆಯು ಯಾರನ್ನು ಬಂಧುವೆನ್ನುವುದೆಂಬುದನ್ನು ನೋಡಬೇಕು. ಪೌರನ ಪತ್ನಿ ಅಥವಾ ಪತಿ, ೨೧ ವರ್ಷ ತುಂಬದ ಅವಿವಾಹಿತ ಮಕ್ಕಳು, ಮತ್ತು ೨೧ ತುಂಬಿದ ಪೌರನ ತಂದೆತಾಯಿಗಳು ಆಸನ್ನಬಂಧುಗಳು, ಇವರಿಗೆ ಸಂಖ್ಯಾಮಿತಿಯಿಲ್ಲ. ಬೆಳೆದ ಮಕ್ಕಳೂ ಒಡಹುಟ್ಟಿದವರೂ ಸರದಿಯಲ್ಲಿ ನಿಲ್ಲತಕ್ಕವರು. ಅಜ್ಜ, ಅಜ್ಜಿ, ಸೋದರಮಾವ, ಸೋದರತ್ತೆ, ದೊಡ್ಡಪ್ಪ, ಚಿಕ್ಕಪ್ಪ ಇವರಾರಿಗೂ ಎಡೆಯಿಲ್ಲ. ನಮ್ಮ ಭಾಷೆಯಲ್ಲಿ ದೊಡ್ಡಪ್ಪನ ಮಗನೂ 'ಅಣ್ಣ'ನೇ. ಒಂದೇ ಅಂಗಳದಲ್ಲಿ ಬೆಳೆದವರು ಅವನನ್ನು ಬೇರೆಯೆಂದು ಕರೆಯುವುದಕ್ಕೆ ಶಬ್ದವನ್ನೇ ಹುಡುಕುವುದಿಲ್ಲ. ಕಾಯಿದೆಯಾದರೋ ಅಣ್ಣನೆಂಬ ಮಾತನ್ನು ಕೇಳಿ ಒಪ್ಪದೆ, ಇಬ್ಬರಿಗೂ ತಂದೆ ಅಥವಾ ತಾಯಿ ಒಬ್ಬರೇ ಎಂಬುದಕ್ಕೆ ಪತ್ರವನ್ನು ಕೇಳುತ್ತದೆ.

ಕ್ರಮವು ಹೀಗಿದೆ. ಪೌರನು 'ಐ-೧೩೦' ಎಂಬ ನಮೂನೆಯಲ್ಲಿ ಅಲ್ಲಿಯ ವಲಸೆ ಇಲಾಖೆಗೆ ಅರ್ಜಿಯನ್ನು ಸಲ್ಲಿಸುವನು. ಅದು ತಲಪಿದ ತಾರೀಖೇ ಸರದಿಯ ದಿನವಾಗುವುದು. ಅಂಗೀಕೃತವಾದ ಅರ್ಜಿಯು ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಪೋರ್ಟ್ಸ್‌ಮತ್ ಪಟ್ಟಣದಲ್ಲಿರುವ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುವುದು. ಬರುವವರು ಸರ್ಕಾರಕ್ಕೆ ಹೊರೆಯಾಗದಂತೆ ನೋಡಿಕೊಳ್ಳುವೆನೆಂದು ೧೯೯೬ರ ಕಾಯಿದೆಯ ಪ್ರಕಾರ ಅರ್ಜಿದಾರನು ಮುಚ್ಚಳಿಕೆ ಬರೆದುಕೊಡಬೇಕು. ಅವನ ವರಮಾನವು ಸಾಮಾನ್ಯವಾಗಿ ಬಡತನದ ಮಟ್ಟಕ್ಕೆ ನೂರಕ್ಕೆ ೧೨೫ರಷ್ಟಾದರೂ ಇರಬೇಕು. ಸರದಿ ಬಂದ ಮೇಲೆ ವೈದ್ಯಪರೀಕ್ಷೆ, ತರುವಾಯ ಮುಂಬಯಿಯ ಕಾನ್ಸುಲೇಟಿನಲ್ಲಿ ಸಂದರ್ಶನ.

ಪ್ರಮಾಣದ ತೊಡಕು ಹುಟ್ಟುವುದು ಇಲ್ಲಿಯೇ. ಮನುಷ್ಯಪ್ರಮಾಣಗಳು ಲಿಖಿತ, ಭುಕ್ತಿ, ಸಾಕ್ಷಿ ಎಂದು ಮೂರು. ಇವು ಯಾವುವೂ ಇಲ್ಲದಾಗ ದಿವ್ಯ ಎಂಬುದು ಯಾಜ್ಞವಲ್ಕ್ಯನ ಮತ. ಕಾನ್ಸುಲೇಟಿನ ಪದ್ಧತಿಯೂ ಇದಕ್ಕೆ ದೂರವಾದುದಲ್ಲ. ಮೊದಲು ಲಿಖಿತವಾದ ಜನನ ಪ್ರಮಾಣಪತ್ರ. ಅದು ದೊರೆಯದಾಗ ಶಾಲೆಯ ದಾಖಲೆ ಮತ್ತು ಹತ್ತಿರದ ಬಂಧುಗಳ ಅಫಿಡವಿಟ್ಟು. ಅದರಿಂದಲೂ ಸಂಶಯವು ನೀಗದಿದ್ದರೆ ಡಿಎನ್‌ಎ ಪರೀಕ್ಷೆ. ಭುಕ್ತಿಗೆ ಮಾತ್ರ, ಎಂದರೆ ಒಂದೇ ಮನೆಯಲ್ಲಿ ಅಣ್ಣತಮ್ಮಂದಿರಾಗಿ ಬಾಳಿದ ಬಾಳಿಗೆ, ಇಲ್ಲಿ ಬೆಲೆ ಅತ್ಯಲ್ಪ. ಆದರೆ ನಮ್ಮ ಹಳ್ಳಿಗಳಲ್ಲಿ ಬಲವಾಗಿರುವ ಪ್ರಮಾಣವು ಅದೊಂದೇ.

ಮಾಡದಕೆರೆಯ ಹೋಬಳಿಯಲ್ಲಿ ೧೯೭೦ಕ್ಕಿಂತ ಹಿಂದೆ ಹುಟ್ಟಿದ ಇಬ್ಬರು ಸಹೋದರರನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳೋಣ. ಜನನ ಮರಣಗಳ ನೋಂದಣಿಯ ೧೯೬೯ರ ಕಾಯಿದೆಯು ೧೯೭೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು; ಅದಕ್ಕೆ ಹಿಂದಿನ ಜನನಗಳಿಗೆ ಪತ್ರವು ದೊರೆಯದಿರುವುದು ಸಾಮಾನ್ಯ. ಇಬ್ಬರ ಹುಟ್ಟಿದ ದಿನಗಳೂ ಮೇಷ್ಟರು ಶಾಲೆಗೆ ಸೇರಿಸಿಕೊಳ್ಳುವಾಗ ಅಂದಾಜಿನಿಂದ ಬರೆದವು. ಹೆಸರಿನ ಮೊದಲಿನ 'ಎಂ.' ಎಂಬ ಅಕ್ಷರವನ್ನು ಒಬ್ಬನ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರಾಗಿ ಬಿಡಿಸಿದೆ. ಇನ್ನೊಬ್ಬನದರಲ್ಲಿ ತಂದೆಯ ಹೆಸರೇ ಕುಲನಾಮವಾಗಿದೆ. ತಾಯಿಯು ಒಂದರಲ್ಲಿ ಗೌರಮ್ಮ, ಇನ್ನೊಂದರಲ್ಲಿ ಗೌರಿ. ಊರಿನವರಿಗೆ ಇದರಲ್ಲಿ ಯಾವ ಸಂಶಯವೂ ಇಲ್ಲ. ಪತ್ರವನ್ನು ಮಾತ್ರ ನೋಡುವ ಅಧಿಕಾರಿಗೆ ಇವರು ಬೇರೆ ಬೇರೆ ಮನೆಯವರು. ಹಿಂದೆ ಮನೆಮನೆಯ ಸಂತತಿಯನ್ನು ಬಲ್ಲ ಶ್ಯಾನುಭೋಗರಿದ್ದರು; ೧೯೬೧ರ ಗ್ರಾಮಾಧಿಕಾರ ರದ್ದಿಯಾತಿಯ ಕಾಯಿದೆಯಿಂದ ಆ ವಂಶಪಾರಂಪರ್ಯದ ಅಧಿಕಾರವು ಕೊನೆಗೊಂಡಿತು. ಈಗ ನಾಡಕಚೇರಿಯಲ್ಲಿ ವಂಶವೃಕ್ಷದ ಪತ್ರಕ್ಕೆ ಅರ್ಜಿಕೊಡಬಹುದು. ಒಂದು ವರ್ಷ ಕಳೆದ ಜನನವನ್ನು ನೋಂದಾಯಿಸಲು, ೨೦೨೩ರ ತಿದ್ದುಪಡಿಯ ಮೇರೆಗೆ, ಜಿಲ್ಲಾ ಮ್ಯಾಜಿಸ್ಟ್ರೇಟರ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರ ಇಲ್ಲವೆ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಅಧಿಕೃತರಾದ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕು.

ಪತ್ರಗಳೆಲ್ಲ ಸರಿಹೋದರೂ ಕಾಲವು ಉಳಿಯುವುದು. ೧೯೯೦ರ ಕಾಯಿದೆಯಿಂದ ಒಡಹುಟ್ಟಿದವರಿಗೆ ಪ್ರಪಂಚಕ್ಕೆಲ್ಲ ವರ್ಷಕ್ಕೆ ೬೫,೦೦೦ ವೀಸಾಗಳು. ಅದರ ಮೇಲೆ ದೇಶವೊಂದಕ್ಕೆ ನೂರಕ್ಕೆ ೭ರ ಮಿತಿ. ೨೦೨೪ರ ಕೊನೆಯಲ್ಲಿ ಭಾರತದವರಿಗೆ ೨೦೦೬ರಲ್ಲಿ ಸಲ್ಲಿಸಿದ ಅರ್ಜಿಗಳ ಸರದಿಯು ನಡೆಯುತ್ತಿದ್ದಿತು. ಅರ್ಜಿಯ ಕಾಲಕ್ಕೆ ಎಂಟು ವರ್ಷದವನಾಗಿದ್ದ ತಮ್ಮನ ಮಗನು ಸರದಿ ಬರುವಾಗ ಇಪ್ಪತ್ತಾರು ವರ್ಷದವನು. ೨೧ ಮೀರಿದವನಿಗೆ ತಂದೆಯೊಡನೆ ಹೋಗಲು ಹಕ್ಕಿಲ್ಲ. ಅರ್ಜಿಯು ಪರಿಶೀಲನೆಯಲ್ಲಿದ್ದ ದಿನಗಳನ್ನು ವಯಸ್ಸಿನಿಂದ ಕಳೆಯಲು ೨೦೦೨ರ ಕಾಯಿದೆಯು ಅವಕಾಶವಿತ್ತಿದೆ. ಆದರೆ ಸರದಿಯಲ್ಲಿ ಸುಮ್ಮನೆ ಕಾದ ವರ್ಷಗಳು ಈ ಕಳೆಯುವಿಕೆಗೆ ಸೇರುವುದಿಲ್ಲ. ತಾಯಿಗೆ ಇಂಥ ಸರದಿಯಿಲ್ಲ. ಆದರೆ ಆಕೆಯು ಆಸನ್ನಬಂಧುವಾಗಿ ಹೊರಟಾಗ, ಮದುವೆಯಾಗದ ಕಿರಿಯ ಮಗಳನ್ನು ಅದೇ ಅರ್ಜಿಯ ಮೇಲೆ ಕರೆದೊಯ್ಯುವಂತಿಲ್ಲ. ಹೀಗಾಗಿ ಕುಟುಂಬವನ್ನು ಕೂಡಿಸಲು ಹುಟ್ಟಿದ ಕಾಯಿದೆಯು ತಾಯಿಯೊಬ್ಬಳನ್ನು ಯಾವ ಮಗುವಿನ ಬಳಿ ಮುದಿತನವನ್ನು ಕಳೆಯಲೆಂದು ಆರಿಸಿಕೊಳ್ಳುವ ಸಂಕಟಕ್ಕೆ ತರುವುದೂ ಉಂಟು.

ಎಲ್ಲೆಯನ್ನು ಎಳೆದುದಕ್ಕಾಗಿ ಪರದೇಶದ ಕಾಯಿದೆಯನ್ನು ದೂರುವುದು ಯುಕ್ತವಲ್ಲ. ಏಳು ತಲೆ, ಐದು ತಲೆ ಎಂದವನೂ ಎಲ್ಲೆಯನ್ನೇ ಎಳೆದನು. ಭೇದವಿರುವುದು ಪ್ರಮಾಣದಲ್ಲಿ. ದಾನಶಾಸನಗಳಲ್ಲಿ ಪ್ರತಿಗ್ರಹೀತನ ಗೋತ್ರ, ಸೂತ್ರ, ಶಾಖೆ, ತಂದೆಯ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿಸಿದವರು, ನೆನಪು ಅಳಿಯುವುದು, ಲಿಖಿತವು ಉಳಿಯುವುದು ಎಂಬುದನ್ನು ಅರಿತಿದ್ದರು. ಆದರೆ ಆ ಭಾಗ್ಯವು ದಾನಪಡೆದವರಿಗೂ ಅರಸುಮನೆತನಗಳಿಗೂ ದೊರೆಯಿತೇ ಹೊರತು ಒಕ್ಕಲುಮನೆಗಳಿಗೆ ದೊರೆಯಲಿಲ್ಲ. ಆ ಮನೆಗಳ ವಂಶಾವಳಿಯು ಇಂದಿಗೂ ಹಿರಿಯರ ನಾಲಗೆಯ ಮೇಲಿದೆ. ಗ್ರಾಮಗಳಲ್ಲಿರುವ ಅಧ್ಯಾಪಕರು ಅದನ್ನು ಹೆಸರುಗಳ ರೂಪಭೇದ ಸಹಿತವಾಗಿ ಬರೆದಿಡುವರಾದರೆ ಚರಿತ್ರೆಗೂ ಉಪಕಾರವಾಗುವುದು. ಸರ್ಕಾರದ ಪತ್ರಕ್ಕೆ ಆ ಬರೆಹವು ಸಾಟಿಯಾಗದಿದ್ದರೂ, ಅಂಥ ಪತ್ರಗಳನ್ನು ಹಿರಿಯರು ಬದುಕಿರುವಾಗಲೇ ತಿದ್ದಿಸಿಕೊಳ್ಳಲು ಆಧಾರವಾಗುವುದು. ಸಾಕ್ಷಿ ಹೇಳತಕ್ಕವರು ತೀರಿಹೋದ ಮೇಲೆ ಅಣ್ಣನು ಅಣ್ಣನೆಂದು ಸಾಧಿಸುವುದು ಬಹು ಕಷ್ಟ.