ಗಂಜಿ ಕೇಂದ್ರದಿಂದ ಗಂಜಿ ಅಂಗಡಿಗೆ

ಸಿಂಗಾಪುರ, ಹಾಂಗ್‌ಕಾಂಗ್‌ಗಳಲ್ಲಿ ಬೆಳಗಿನ ಹೊತ್ತು ಜನ ದುಡ್ಡು ಕೊಟ್ಟು, ಸರದಿ ಕಾದು ತಿನ್ನುವ ತಿಂಡಿಗಳಲ್ಲಿ ಅಕ್ಕಿಯ ಗಂಜಿಯೂ ಒಂದು. ದಕ್ಷಿಣ ಚೀನದ ಕ್ಯಾಂಟನ್ ಕಡೆಯವರ ಅಡುಗೆಯಿದು. ಅವರ ಮಾತಿನಲ್ಲಿ ಇದು 'ಜುಕ್'. ಒಂದು ಪಾಲು ಅಕ್ಕಿಗೆ ಹತ್ತು ಪಾಲಿಗೂ ಹೆಚ್ಚು ನೀರು ಹಾಕಿ, ಅಗುಳು ಒಡೆದು ಕರಗಿ ನುಣ್ಣಗಾಗುವ ತನಕ ಕುದಿಸುತ್ತಾರೆ. ಮೇಲೆ ಮೀನಿನ ಹೋಳು, ಕೋಳಿ ಅಥವಾ ಹಂದಿಮಾಂಸ, ಶುಂಠಿಯ ಎಳೆಗಳು, ಈರುಳ್ಳಿ ಸೊಪ್ಪು. ನಂಜಿಕೊಳ್ಳಲು ಎಣ್ಣೆಯಲ್ಲಿ ಕರಿದ ಹಿಟ್ಟಿನ ಉದ್ದನೆಯ ತುಂಡು. ಇಂಗ್ಲಿಷಿನವರು ಇದನ್ನು 'ಕಾಂಜಿ' ಎನ್ನುತ್ತಾರೆ. ಹೌದು, ನಮ್ಮ ಗಂಜಿಯ ಹೆಸರೇ.

ಚೀನದವರಿಗೆ ಗಂಜಿ ಕಾಯಿಸುವುದನ್ನು ನಾವು ಕಲಿಸಲಿಲ್ಲ. ಅವರ ಗಂಜಿ ಬಹಳ ಪ್ರಾಚೀನವಾದದ್ದು. ನಮ್ಮಿಂದ ಹೋದದ್ದು ಹೆಸರು ಮಾತ್ರ. ತಮಿಳಿನ 'ಕಂಜಿ', ಕನ್ನಡದ 'ಗಂಜಿ' ಒಂದೇ ಬಳ್ಳಿಯ ಕಾಯಿಗಳು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಈ ಪದವನ್ನು ಬಾಯಿಗೆ ಹಾಕಿಕೊಂಡರು. ಗಾರ್ಸಿಯಾ ದ ಓರ್ತಾ ಎಂಬ ವೈದ್ಯ 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ, ಕಾಳುಮೆಣಸು ಜೀರಿಗೆ ಹಾಕಿ ರೋಗಿಗಳಿಗೆ ಕುಡಿಸುವ ಅಕ್ಕಿ ತಿಳಿಯನ್ನು 'ಕಾಂಜೆ' ಎಂದು ಕರೆದಿದ್ದಾನೆ. 1557ರ ಹೊತ್ತಿಗೆ ಕ್ಯಾಂಟನ್ ಬಳಿಯ ಮಕಾವಿನಲ್ಲೂ ಪೋರ್ಚುಗೀಸರು ನೆಲೆಯೂರಿದ್ದರು. ಹಡಗುಗಳ ಜೊತೆ ಪದವೂ ಪ್ರಯಾಣ ಮಾಡಿತು. ಇಂದಿಗೂ ಪೋರ್ಚುಗಲ್, ಬ್ರೆಜಿಲ್‌ಗಳಲ್ಲಿ ಕೋಳಿ ಮತ್ತು ಅಕ್ಕಿಯ ಸಾರಿಗೆ 'ಕಾಂಜ' ಎಂದೇ ಹೆಸರು.

ಹೆಸರು ಹೀಗೆ ಲೋಕ ಸುತ್ತಿತು. ಆದರೆ ಆ ಹೆಸರಿಗೆ ತವರಿನಲ್ಲಿ ಸಿಕ್ಕ ಮರ್ಯಾದೆ ಎಂಥದ್ದು?

ಕಲಬುರಗಿಯ ಮಗ್ಗುಲಲ್ಲೇ ಇರುವ ತಾಜಸುಲ್ತಾನಪುರದಂಥ ಊರುಗಳು ಜೋಳ, ತೊಗರಿಯ ನೆಲದವು. ಇಲ್ಲಿ ಬಡವರ ಹೊಟ್ಟೆ ತುಂಬಿಸಿದ್ದು ಜೋಳದ ರೊಟ್ಟಿ, ನುಚ್ಚು, ಅಂಬಲಿ. ಅಕ್ಕಿಯ ಅನ್ನ ಹಬ್ಬಕ್ಕೆ, ನೆಂಟರಿಗೆ. ಗಂಜಿ ಎಂದರೆ ಜ್ವರ ಬಂದವರ ಪಥ್ಯ, ಇಲ್ಲವೇ ಬಟ್ಟೆ ಗರಿಗರಿಯಾಗಲು ಹಾಕುವ ತಿಳಿ. ಇದರ ಜೊತೆಗೆ ಮೂರನೆಯ ಅರ್ಥವೂ ಸೇರಿಕೊಂಡಿದೆ. ಬರ ಬಂದಾಗ, ನೆರೆ ಬಂದಾಗ ಪತ್ರಿಕೆಗಳಲ್ಲಿ ಕಾಣುವ 'ಗಂಜಿ ಕೇಂದ್ರ'. ಅಲ್ಲಿ ಗಂಜಿಯನ್ನೇ ಬಡಿಸದಿದ್ದರೂ ಹೆಸರು ಮಾತ್ರ ಅದೇ. ಬ್ರಿಟಿಷರ ಕಾಲದಲ್ಲಿ ಭಾರತದ ಪಡೆಗಳ ಲಾಕಪ್ಪಿಗೆ ಸಿಪಾಯಿಗಳ ಮಾತಿನಲ್ಲಿ 'ಕಾಂಜಿ ಹೌಸ್' ಎಂಬ ಹೆಸರಿತ್ತು. ಒಳಗಿದ್ದವರಿಗೆ ಸಿಗುವ ಆಹಾರದಿಂದಲೇ ಆ ಹೆಸರು ಬಂತೆಂದು 1886ರ 'ಹಾಬ್ಸನ್ ಜಾಬ್ಸನ್' ನಿಘಂಟು ಹೇಳುತ್ತದೆ. ರೋಗಿ, ನಿರಾಶ್ರಿತ, ಕೈದಿ ಇವರ ಪಾಲಿಗೆ ಗಂಜಿ.

ಹಸಿವಿನ ಚರಿತ್ರೆ ನಮ್ಮ ಕಲಬುರಗಿಗೆ ಹೊಸದಲ್ಲ. 1347ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದ ಈ ನಗರ, ಎರಡನೆಯ ಮುಹಮ್ಮದ್ ಶಾಹನ ಕಾಲದಲ್ಲಿ (1378-1397) ಭೀಕರ ಬರವನ್ನು ಕಂಡಿತು. ಸುಲ್ತಾನನು ಸರಕಾರಿ ಎತ್ತುಗಳನ್ನು ಮಾಳವ, ಗುಜರಾತುಗಳಿಗೆ ಅಟ್ಟಿ ಧಾನ್ಯ ತರಿಸಿದ, ಅದನ್ನು ಅಗ್ಗದ ಬೆಲೆಗೆ ಮಾರಿಸಿದ, ಅನಾಥ ಮಕ್ಕಳಿಗೆ ಕಲಬುರಗಿ, ಬೀದರ್ ಮುಂತಾದ ಕಡೆ ಶಾಲೆಗಳನ್ನು ತೆರೆಸಿದ ಎಂದು ಚರಿತ್ರೆ ಹೇಳುತ್ತದೆ. ಇದು ಹೆಮ್ಮೆಯ ಸಂಗತಿ. ಆದರೆ ಆ ಅಗ್ಗದ ಧಾನ್ಯ ಮುಸಲ್ಮಾನರಿಗಷ್ಟೇ ದೊರೆಯಿತೆಂದು ಇತಿಹಾಸಕಾರ ವುಲ್ಸ್‌ಲಿ ಹೇಗ್ ಬರೆದದ್ದನ್ನೂ ನಾವು ಮರೆಮಾಚಬಾರದು. ಕೊಡುವ ಕೈ ಎಷ್ಟೇ ದೊಡ್ಡದಿರಲಿ, ಯಾರಿಗೆ ಕೊಡಬೇಕು ಎಂಬುದನ್ನು ಆರಿಸುವುದೂ ಆ ಕೈಯೇ.

ಐನೂರು ವರ್ಷಗಳ ಬಳಿಕ ಬಂದ 1876-78ರ ಧಾತು-ಈಶ್ವರ ಬರದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬಳ್ಳಾರಿ ಸೀಮೆಯ ಪಾಡಂತೂ ಹೇಳತೀರದು. ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೊಂದು ಆಣೆ ಸಾಕು ಎಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಲೆಕ್ಕ ಹಾಕಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋ ಕೂಡ ಆಗದು. ಇಷ್ಟರಲ್ಲಿ ಮನುಷ್ಯ ದುಡಿದು ಬದುಕಲಾರ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಪ್ರತಿಭಟಿಸಿದ ಮೇಲೆ ಅದೇ ವರ್ಷ ಅಲ್ಲಿ ಕೂಲಿ ಏರಿತು. ಗಮನಿಸಿ, ವಾದ ನಡೆದದ್ದು ಇಬ್ಬರು ಅಧಿಕಾರಿಗಳ ನಡುವೆ. ಹಸಿದವನನ್ನು ಯಾರೂ ಕೇಳಲಿಲ್ಲ.

ಇದಕ್ಕೆ ಬೇರೆಯದೇ ಆದ ಒಂದು ಪರಂಪರೆಯೂ ನಮ್ಮಲ್ಲಿದೆ. 1400ರ ಸುಮಾರಿಗೆ ಕಲಬುರಗಿಗೆ ಬಂದು 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಝರ ದರ್ಗಾದ ಲಂಗರ್, ಶರಣಬಸವೇಶ್ವರರ (1746-1822) ದಾಸೋಹ ಎರಡೂ ಈ ಊರಿನವೇ. ತಮಿಳುನಾಡಿನ ಮಸೀದಿಗಳಲ್ಲಿ ರಮಝಾನಿನ ಸಂಜೆ ಹಂಚುವ 'ನೋಂಬು ಕಂಜಿ' ಅಲ್ಲಿನ ವ್ಯಾಪಾರಿಗಳ ಜೊತೆ ಸಿಂಗಾಪುರಕ್ಕೂ ಹೋಗಿದೆ. ಇಲ್ಲಿ ಬಡವ ಬಲ್ಲಿದ ಒಂದೇ ಪಾತ್ರೆಯದನ್ನು ಉಣ್ಣುತ್ತಾರೆ. ಹಂಚಿ ಉಣ್ಣುವ ಗಂಜಿಗೆ ಅವಮಾನದ ಕಹಿಯಿಲ್ಲ.

ಚೀನದಲ್ಲೂ ಗಂಜಿ ಬರಗಾಲದ ಊಟವೇ ಆಗಿತ್ತು. ಅಲ್ಲಿನ ಚಕ್ರವರ್ತಿಗಳ ಕಾಲದಲ್ಲಿ ಸರಕಾರವೂ ಶ್ರೀಮಂತರೂ ಗಂಜಿಮನೆಗಳನ್ನು ನಡೆಸುತ್ತಿದ್ದರು. ಪಾತ್ರೆಯಲ್ಲಿ ಊಟದ ಕಡ್ಡಿ ನೆಟ್ಟರೆ ಬೀಳದಷ್ಟು ದಪ್ಪಗಿರಬೇಕು ಎಂಬ ಮಾತು ಹುಟ್ಟಿದ್ದು, ನೀರು ಬೆರೆಸಿ ಅಕ್ಕಿ ಕದಿಯುವವರಿದ್ದ ಕಾರಣಕ್ಕೇ ಇರಬೇಕು. ಅದೇ ಗಂಜಿಯನ್ನು ಹೆಗಲ ಮೇಲಿನ ಅಡ್ಡೆಯಲ್ಲಿ, ತಳ್ಳುಗಾಡಿಯಲ್ಲಿ ಹೊತ್ತು ಮಾರಿದವರು ಬೀದಿ ವ್ಯಾಪಾರಿಗಳು. ಗಿರಾಕಿ ಮೀನು ಬೇಕೆಂದರೆ ಮೀನು ಹಾಕಬೇಕು, ಶುಂಠಿ ಬೇಡವೆಂದರೆ ಬಿಡಬೇಕು. ಕೇಂದ್ರದ ಗಂಜಿಗೂ ಅಂಗಡಿಯ ಗಂಜಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಂಗಡಿಯಲ್ಲಿ ಉಣ್ಣುವವನು 'ಉಪ್ಪು ಸಾಲದು' ಎನ್ನಬಲ್ಲ.

ಈ ವ್ಯಾಪಾರಿಗಳನ್ನು ಸಿಂಗಾಪುರ ಏನು ಮಾಡಿತು ಎಂಬುದು ನಮಗೆ ಪಾಠವಾಗಬೇಕು. 1968-69ರಲ್ಲಿ ಅವರನ್ನು ನೋಂದಾಯಿಸಿತು. 1971ರಿಂದ 1986ರ ನಡುವೆ ನೀರು, ಚರಂಡಿ, ಸೂರು ಇರುವ ಊಟದ ಮಾರುಕಟ್ಟೆಗಳನ್ನು ಕಟ್ಟಿ ಅವರನ್ನು ಅಲ್ಲಿಗೆ ಸ್ಥಳಾಂತರಿಸಿತು. ಬೀದಿಯ ಸ್ವಾತಂತ್ರ್ಯ ಹೋಯಿತು ನಿಜ, ಆದರೆ ಕಸುಬು ಉಳಿಯಿತು. ಚೀನೀಯರು, ಮಲಾಯರು, ತಮಿಳರು ಒಂದೇ ಸೂರಿನಡಿ ಮಾರುವ, ಉಣ್ಣುವ ಈ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಕಲಬುರಗಿಯ ಬೆಳಗಿನ ತಹರಿಯೂ ಇಂಥದೇ ಊಟ. ಅರಿಶಿನ ಬಣ್ಣದ ಅನ್ನ, ಅದರೊಳಗೆ ಬೆಂದ ಮಾಂಸದ ತುಂಡುಗಳು. ಹಮಾಲಿ ಮಾಡುವವನೂ ಆಫೀಸಿಗೆ ಹೋಗುವವನೂ ಒಂದೇ ತಟ್ಟೆಯ ಗಿರಾಕಿಗಳು. ಬೇಸಿಗೆಯಲ್ಲಿ ಅಂಬಲಿಯೂ ಈಗ ತಳ್ಳುಗಾಡಿ ಏರಿದೆ. ನಿನ್ನೆ ನಾಚಿಕೆಯಾಗಿದ್ದದ್ದು ಇಂದು ಆರೋಗ್ಯವಾಗಿದೆ. ಆದರೆ ಅದನ್ನು ಮಾರುವವರ ಬದುಕಿಗೆ ಭದ್ರತೆ ಎಲ್ಲಿದೆ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದೆನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಮಂದಿ ವ್ಯಾಪಾರಿಗಳೇ ಇರಬೇಕೆನ್ನುತ್ತದೆ. ಈ ಎರಡು ಮಾತುಗಳು ನಮ್ಮ ಊರುಗಳಲ್ಲಿ ನಡೆಯುತ್ತಿವೆಯೇ ಎಂದು ಕೇಳುವುದು ವ್ಯಾಪಾರಿಗಳ ಕೆಲಸ ಮಾತ್ರವಲ್ಲ, ಅವರ ತಟ್ಟೆಯಲ್ಲಿ ಉಂಡ ನಮ್ಮೆಲ್ಲರ ಕೆಲಸ.

ಬರಗಾಲದಲ್ಲಿ ಗಂಜಿ ಕೇಂದ್ರ ಬೇಕು. ಅದನ್ನು ಹಳಿಯುವವನು ಹಸಿವನ್ನು ಕಂಡಿಲ್ಲ. ಆದರೆ ಒಂದು ನಾಡು ಎಷ್ಟು ಗಂಜಿ ಕೇಂದ್ರಗಳನ್ನು ತೆರೆಯಿತು ಎಂಬುದು ಅದರ ದಯೆಯ ಲೆಕ್ಕ. ಅಲ್ಲಿ ಎಷ್ಟು ಬಡವರು ತಮ್ಮ ದುಡಿಮೆಯ ಕಾಸು ಕೊಟ್ಟು, ತಲೆಯೆತ್ತಿ, ಬೇಕಾದ್ದನ್ನು ಕೇಳಿ ಉಣ್ಣುತ್ತಾರೆ ಎಂಬುದು ನ್ಯಾಯದ ಲೆಕ್ಕ. ಮೊದಲನೆಯ ಲೆಕ್ಕ ಬರೆದಿಡಲು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಎರಡನೆಯದನ್ನೂ ನಾವು ಬರೆಯತೊಡಗಬೇಕು.