ವಿಶ್ವ ಮಾಸ್ಟರ್ಸ್ ಈಜು ಸ್ಪರ್ಧೆ: ಗಡಿನಾಡಿನ ಸದಸ್ಯರಿಗೆ ಮಾಹಿತಿ



ಕಾಸರಗೋಡು ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು ಹುಡುಗರಾಗಿದ್ದಾಗ ಎರಡು ಒಣ ತೆಂಗಿನಕಾಯಿ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿತವರು. ಈಗ ವಯಸ್ಸು 69. ವಿದೇಶದಲ್ಲಿ ನಡೆಯುವ ಹಿರಿಯರ ಈಜು ಸ್ಪರ್ಧೆಗೆ ಹೋಗಬೇಕೆಂದು ವರ್ಷವಿಡೀ ಅಭ್ಯಾಸ ಮಾಡಿದರು. ಕೊನೆಗೆ ಹೋಗಲಾಗಲಿಲ್ಲ. ಈಜು ಬಾರದೆ ಅಲ್ಲ, ಕಾಗದಪತ್ರ ಹೊಂದದೆ. ಶಾಲೆಯ ದಾಖಲೆಯಲ್ಲಿ ಒಂದು ಜನ್ಮದಿನಾಂಕ, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಸರಿಪಡಿಸುವಷ್ಟರಲ್ಲಿ ಹೆಸರು ನೋಂದಾಯಿಸುವ ಅವಧಿ ಮುಗಿದಿತ್ತು. ಇನ್ನೊಬ್ಬರಿಗೆ ಹೀಗಾಗಬಾರದೆಂದು ತಿಳಿದ ವಿಷಯಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ.

ಏನಿದು ಮಾಸ್ಟರ್ಸ್?

ಅಂತರರಾಷ್ಟ್ರೀಯ ಈಜು ಸಂಸ್ಥೆಗೆ ಹಿಂದೆ ಫಿನಾ ಎಂದು ಹೆಸರಿತ್ತು, ಈಗ ವರ್ಲ್ಡ್ ಅಕ್ವಾಟಿಕ್ಸ್ ಎನ್ನುತ್ತಾರೆ. ಅದು ನಡೆಸುವ ವಿಶ್ವ ಮಾಸ್ಟರ್ಸ್ ಚಾಂಪಿಯನ್‌ಷಿಪ್ ಮೊದಲು ನಡೆದದ್ದು 1986ರಲ್ಲಿ, ಜಪಾನಿನ ಟೋಕಿಯೊದಲ್ಲಿ. ಈಚೆಗೆ 2023ರಲ್ಲಿ ಜಪಾನಿನ ಕ್ಯುಶು ಪ್ರಾಂತ, 2024ರಲ್ಲಿ ದೋಹಾ, 2025ರಲ್ಲಿ ಸಿಂಗಪುರದಲ್ಲಿ ನಡೆಯಿತು.

ಇಲ್ಲಿ ಸ್ಪರ್ಧಿ ದೇಶದ ಪರವಾಗಿ ಇಳಿಯುವುದಿಲ್ಲ, ತನ್ನ ಕ್ಲಬ್ಬಿನ ಪರವಾಗಿ ಇಳಿಯುತ್ತಾನೆ. ದೇಶದ ತಂಡಕ್ಕೆ ಆಯ್ಕೆ ಎಂಬುದಿಲ್ಲ. ಹಾಗೆಯೇ ಪ್ರವೇಶ ಶುಲ್ಕ, ಪ್ರಯಾಣ, ವಸತಿ ಎಲ್ಲವೂ ಸ್ವಂತ ಖರ್ಚು ಎಂದೇ ತಿಳಿದು ಹೊರಡಬೇಕು.

ವಯಸ್ಸಿನ ಲೆಕ್ಕ

ಈಜಿಗೆ ಕನಿಷ್ಠ ವಯಸ್ಸು 25. ಅಲ್ಲಿಂದ ಮೇಲೆ 25–29, 30–34 ಹೀಗೆ ಐದೈದು ವರ್ಷದ ಗುಂಪುಗಳು. ನೂರು ದಾಟಿದವರಿಗೂ ಗುಂಪು ಇದೆ. ಸ್ಪರ್ಧೆ ನಡೆಯುವ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ವಯಸ್ಸಾಗುತ್ತದೋ ಅದೇ ಲೆಕ್ಕ. 1956ರ ನವೆಂಬರ್‌ನಲ್ಲಿ ಹುಟ್ಟಿದವರು 2026ರ ಜೂನ್‌ನಲ್ಲಿ ಸ್ಪರ್ಧಿಸಿದರೂ 70–74ರ ಗುಂಪಿಗೇ ಸೇರುತ್ತಾರೆ.

ರಿಲೇಯಲ್ಲಿ ನಾಲ್ವರ ವಯಸ್ಸನ್ನೂ ಕೂಡಿಸುತ್ತಾರೆ. 50, 55, 62 ಮತ್ತು 73 ವರ್ಷದ ನಾಲ್ವರು ಸೇರಿದರೆ ಒಟ್ಟು 240. ಆಗ 240–279ರ ಗುಂಪು.

ಸ್ಪರ್ಧೆಯ ರೀತಿ

ಫ್ರೀಸ್ಟೈಲ್, ಬ್ಯಾಕ್‌ಸ್ಟ್ರೋಕ್, ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ, ನಾಲ್ಕೂ ಕೂಡಿದ ಮೆಡ್ಲೆ, ಜೊತೆಗೆ ರಿಲೇಗಳು ಇರುತ್ತವೆ. ತೆರೆದ ನೀರಿನಲ್ಲಿ 3 ಕಿಲೋಮೀಟರ್ ಈಜು ಬೇರೆಯೇ. ಒಬ್ಬರು ಹೆಚ್ಚೆಂದರೆ ಐದು ವೈಯಕ್ತಿಕ ಸ್ಪರ್ಧೆಗಳಿಗೆ ಹೆಸರು ಕೊಡಬಹುದು. ಪ್ರತಿ ಗುಂಪಿಗೂ ಅರ್ಹತಾ ಸಮಯ ಗೊತ್ತುಮಾಡಿರುತ್ತಾರೆ. ಅದನ್ನು ನೋಡಿಕೊಂಡೇ ಹೆಸರು ಕೊಡುವುದು ಒಳ್ಳೆಯದು.

ಸೆಮಿಫೈನಲ್, ಫೈನಲ್ ಎಂಬ ಹಂತಗಳಿಲ್ಲ. ಒಮ್ಮೆ ಈಜಿದರೆ ಆಯಿತು. ಎಲ್ಲ ಸುತ್ತುಗಳ ಸಮಯ ಹೋಲಿಸಿ, ಆಯಾ ವಯಸ್ಸಿನ ಗುಂಪಿನೊಳಗೆ ಸ್ಥಾನ ಕೊಡುತ್ತಾರೆ. ಪಕ್ಕದ ಲೇನಿನವರು ಮುಂದೆ ಹೋದರೆಂದು ಎದೆಗುಂದಬೇಕಾಗಿಲ್ಲ, ಅವರು ಬೇರೆ ಗುಂಪಿನವರಾಗಿರಬಹುದು.

ಹಿರಿಯರಿಗೆಂದು ಕೆಲವು ಸಡಿಲಿಕೆಗಳಿವೆ. ಕಟ್ಟೆಯ ಮೇಲಿಂದ ಹಾರಲಾಗದವರು ಕೊಳದ ಅಂಚಿನಿಂದ ಹಾರಬಹುದು, ಅಥವಾ ನೀರಿನಲ್ಲೇ ನಿಂತು ಗೋಡೆ ತಳ್ಳಿ ಹೊರಡಬಹುದು. ಬಟರ್‌ಫ್ಲೈಯಲ್ಲಿ ಬ್ರೆಸ್ಟ್‌ಸ್ಟ್ರೋಕ್ ಮಾದರಿಯಲ್ಲಿ ಕಾಲು ಬಡಿಯಲೂ ಅವಕಾಶವಿದೆ.

ಬಾವಿಯಲ್ಲಿ ಕಲಿತವರು ಗಮನಿಸಬೇಕಾದದ್ದು

ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ಕೆರೆ, ಹೊಳೆ, ಬಾವಿಗಳಲ್ಲಿ. ಜತ್ತ, ಅಕ್ಕಲಕೋಟೆ ಕಡೆಯವರು ಬೆಂಡು ಕಟ್ಟಿಕೊಂಡು ಬಾವಿಗೆ ಧುಮುಕಿದ್ದನ್ನು ಈಗಲೂ ಹೇಳುತ್ತಾರೆ. ಧೈರ್ಯ, ಉಸಿರು ಎರಡೂ ಅಲ್ಲಿಂದಲೇ ಬಂದವು. ಆದರೆ ಗೋಡೆ ಮುಟ್ಟಿ ತಿರುಗುವ ಅಭ್ಯಾಸ ಅಲ್ಲಿ ಆಗುವುದಿಲ್ಲ. ಬ್ರೆಸ್ಟ್‌ಸ್ಟ್ರೋಕ್ ಮತ್ತು ಬಟರ್‌ಫ್ಲೈಯಲ್ಲಿ ತಿರುಗುವಾಗಲೂ ಮುಗಿಸುವಾಗಲೂ ಎರಡೂ ಕೈ ಒಟ್ಟಿಗೆ ಗೋಡೆಗೆ ತಾಗಲೇಬೇಕು. ಒಂದೇ ಕೈ ತಾಗಿದರೆ, ಎಷ್ಟು ಚೆನ್ನಾಗಿ ಈಜಿದ್ದರೂ ಅನರ್ಹ. ಆದ್ದರಿಂದ ಕೆಲವು ತಿಂಗಳಾದರೂ ಲೇನಿರುವ ಈಜುಕೊಳದಲ್ಲಿ, ನಿಯಮ ಬಲ್ಲ ತರಬೇತುದಾರರ ಕಣ್ಣೆದುರು ಅಭ್ಯಾಸ ಮಾಡಬೇಕು.

ವೈದ್ಯರ ಮಾತನ್ನು ಮರೆಯಬೇಡಿ. ಸ್ಪರ್ಧೆಗೆ ತಕ್ಕ ಆರೋಗ್ಯವಿದೆಯೇ ಎಂದು ನೋಡಿಕೊಳ್ಳುವ ಹೊಣೆ ಸ್ಪರ್ಧಿಯದೇ. ಬಿ.ಪಿ., ಸಕ್ಕರೆ, ಹೃದಯ ಪರೀಕ್ಷಿಸಿಕೊಂಡ ಮೇಲೆಯೇ ವೇಗದ ಅಭ್ಯಾಸ ಶುರುಮಾಡಿ.

ಕಾಗದಪತ್ರ

ಗುಮಾಸ್ತರಾಗಿ ದುಡಿದ ನಮಗೆ ಇದೇ ಎಲ್ಲಕ್ಕಿಂತ ಮುಖ್ಯವೆಂದು ತೋರುತ್ತದೆ. ಗಡಿನಾಡಿನವರ ಹೆಸರು ಒಂದು ದಾಖಲೆಯಲ್ಲಿ ಮಲಯಾಳಂ, ತಮಿಳು, ಮರಾಠಿ ಅಥವಾ ತೆಲುಗಿನಿಂದ ಇಂಗ್ಲಿಷಿಗೆ ಹೋಗಿರುತ್ತದೆ, ಇನ್ನೊಂದರಲ್ಲಿ ಕನ್ನಡದಿಂದ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮತ್ತೊಂದರಲ್ಲಿ ಅಡ್ಡಹೆಸರು. ಜನ್ಮದಿನಾಂಕವೋ, ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಬರೆದುಕೊಂಡದ್ದು. ವಯಸ್ಸಿನ ಗುಂಪೇ ದಿನಾಂಕದ ಮೇಲೆ ನಿಂತಿರುವಾಗ ಈ ವ್ಯತ್ಯಾಸ ಸಣ್ಣದಲ್ಲ. ಪಾಸ್‌ಪೋರ್ಟ್, ಆಧಾರ್, ಶಾಲಾ ದಾಖಲೆಗಳನ್ನು ಇಂದೇ ಪಕ್ಕಪಕ್ಕ ಇಟ್ಟು ನೋಡಿ. ಸರಿಪಡಿಸಲು ತಿಂಗಳುಗಳೇ ಬೇಕಾದೀತು.

ನಮ್ಮ ದೇಶದಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಸ್ಪರ್ಧೆಯನ್ನು ಭಾರತೀಯ ಈಜು ಫೆಡರೇಷನ್ ನಡೆಸುತ್ತದೆ. 2023ರ ನವೆಂಬರ್‌ನಲ್ಲಿ ಅದು ಮಂಗಳೂರಿನ ಎಮ್ಮೆಕೆರೆ ಈಜುಕೊಳದಲ್ಲೇ ನಡೆಯಿತು. ಮೊದಲು ಇಂಥ ಸ್ಪರ್ಧೆಗಳಲ್ಲಿ ಇಳಿದು ಅನುಭವ ಪಡೆಯುವುದು ಲೇಸು. ವಾಸ ಒಂದು ರಾಜ್ಯದಲ್ಲಿ, ಅಭ್ಯಾಸ ಇನ್ನೊಂದು ರಾಜ್ಯದ ಕ್ಲಬ್ಬಿನಲ್ಲಿ ಎಂದಾದರೆ ಯಾವ ರಾಜ್ಯದ ಈಜು ಸಂಸ್ಥೆಯಲ್ಲಿ ನೋಂದಣಿ ಎಂಬುದನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಬಾಯಿಮಾತು ಕೊನೆಯ ದಿನ ಕೈಗೆ ಬರುವುದಿಲ್ಲ.

ವಯಸ್ಸಾಯಿತೆನ್ನುವವರಿಗೆ

ಜಪಾನಿನ ಮಿಯೆಕೊ ನಾಗಾಓಕಾ ಈಜಿಗೆ ಇಳಿದದ್ದು 80ರ ಸುಮಾರಿಗೆ, ಮೊಣಕಾಲಿನ ತೊಂದರೆಗೆಂದು. 2015ರಲ್ಲಿ, 100ನೆಯ ವಯಸ್ಸಿನಲ್ಲಿ, 1500 ಮೀಟರನ್ನು ಸುಮಾರು 1 ಗಂಟೆ 16 ನಿಮಿಷದಲ್ಲಿ ಈಜಿ ಮುಗಿಸಿದರು. ಆ ವಯಸ್ಸಿನಲ್ಲಿ ಆ ದೂರ ಈಜಿದವರಲ್ಲಿ ಅವರೇ ಮೊದಲಿಗರು.

ನಮ್ಮ ಸದಸ್ಯರೂ ಬಿಟ್ಟಿಲ್ಲ. ದಾಖಲೆ ಈಗ ಸರಿಯಾಗಿದೆ. ಬೆಳಗಿನ ಅಭ್ಯಾಸ ನಡೆದೇ ಇದೆ. ಮುಂದಿನ ಸಲಕ್ಕೆ 70ರ ಗುಂಪಿಗೆ ಬರುತ್ತೇನೆ, ಅಲ್ಲಿ ನಾನೇ ಚಿಕ್ಕವನು ಎಂದು ನಗುತ್ತಾರೆ. ಅರ್ಜಿ ತುಂಬಲು, ದಾಖಲೆ ಹೋಲಿಸಿ ನೋಡಲು ನೆರವು ಬೇಕಾದ ಸದಸ್ಯರು ಸಂಘದ ಕಚೇರಿಗೆ ಬನ್ನಿ. ಮೂಲ ದಾಖಲೆಗಳ ಜೊತೆ ಒಂದೊಂದು ನಕಲು ಪ್ರತಿ ತರುವುದನ್ನು ಮರೆಯಬೇಡಿ.

— ಕಾರ್ಯದರ್ಶಿ